ಕೆಡ್ಡಸದ ದಿನ ನೇಗಿಲು ಹಿಡಿದವನು

ಗಂಡ ಬೊಂಬಾಯಿಯಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ನಾನೂ ಮಗಳೂ ಮೂಡುಬಿದಿರೆಯ ತವರುಮನೆ ಸೇರಿದೆವು. ದೇವರ ದಯೆ, ತಲೆಯ ಮೇಲೆ ಸೂರಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಿಲಿಗೆ ಬಳಿದು ಉಳಿದ ಎಣ್ಣೆಬಣ್ಣದಲ್ಲಿ ಹಲಗೆಯ ಮೇಲೆ ಚಿತ್ರ ಬರೆಯುವುದು ನನ್ನ ಅಭ್ಯಾಸ.

ಬೆಳ್ತಂಗಡಿಯಲ್ಲಿ ಹೆಂಗಸರು ಬರೆದ ಚಿತ್ರ, ಹೆಣೆದ ಬುಟ್ಟಿಗಳ ಪ್ರದರ್ಶನ ಉಂಟೆಂದು ಕೇಳಿ ಕೆಡ್ಡಸದ ಚಿತ್ರ ಬರೆದೆ. ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ದಿನಗಳು. ಆಗ ನಮ್ಮಲ್ಲಿ ಯಾರೂ ಮಣ್ಣಿಗೆ ನೇಗಿಲು ತಾಗಿಸುವುದಿಲ್ಲ. ಕೆಂಪು ಸೀರೆಯ ತಾಯಿ, ಮಡಿಲಲ್ಲಿ ಹೆಣ್ಣುಮಗು, ಗೋಡೆಗೊರಗಿದ ನೇಗಿಲು. ಅಷ್ಟೇ. ಅದು ನಾನು, ನನ್ನ ಮಗಳು. ಶಾಲೆಯಲ್ಲಿ "ಅಪ್ಪ ಇಲ್ಲದವಳು" ಅನ್ನಿಸಿಕೊಂಡು ಬರುತ್ತಿದ್ದ ಅವಳಿಗೆ ಅದನ್ನು ನಾಲ್ಕು ಜನರ ನಡುವೆ ತೋರಿಸಬೇಕಿತ್ತು.

ಹಲಗೆ ಕೊಟ್ಟು ಬಂದೆ. ಮರುದಿನ ಮಗಳ ಕೈಹಿಡಿದು ಹೋಗಿ ನೋಡಿದರೆ, ಚಿತ್ರದೊಳಗೆ ಮುಂಡಾಸಿನ ಗಂಡಸೊಬ್ಬ ನೇಗಿಲು ಹಿಡಿದು ನಿಂತಿದ್ದಾನೆ!

ಅಲ್ಲಿದ್ದವರನ್ನು ಕೇಳಿದೆ, "ಇವನನ್ನು ಬರೆದದ್ದು ಯಾರು?"

ಪ್ರದರ್ಶನದ ಅಧ್ಯಕ್ಷರು ನಕ್ಕರು. "ನಾನೇ ಡ್ರಾಯಿಂಗ್ ಮಾಸ್ಟ್ರಿಗೆ ಹೇಳಿ ಬರೆಸಿದ್ದು ಮಾರಾಯ್ತಿ. ಮಗು ಉಂಟು, ಅಪ್ಪ ಇಲ್ಲ ಅಂದ್ರೆ ಹೇಗೆ? ನೋಡಿದವ್ರು ಎಂಥ ಹೇಳ್ತಾರೆ?"

"ನನಗೆ ದಿನಾ ಹೇಳ್ತಾರೆ. ನಿಮ್ಮ ಮನೆಯಲ್ಲಿ ಕೆಡ್ಡಸಕ್ಕೆ ಗದ್ದೆ ಉಳ್ತೀರಾ?"

"ಛೆ! ಯಾರಾದ್ರೂ ಉಳ್ತಾರಾ?"

"ಮತ್ತೆ ಇವ ಎಂಥ ಮಾಡ್ತಿದ್ದಾನೆ? ತಾಯಿ ಮುಟ್ಟಾಗಿ ಕೂತಿದ್ದಾಳೆ, ಇವನಿಗೆ ನೇಗಿಲಿನ ಅವಸರ! ನಾಳೆ ದೈವ ಕೇಳಿದರೆ ಉತ್ತರ ನೀವೇ ಹೇಳಿ."

ಅಧ್ಯಕ್ಷರ ನಗು ಇಳಿಯಿತು. ಪಕ್ಕದಲ್ಲಿ ಬುಟ್ಟಿ ಜೋಡಿಸುತ್ತಿದ್ದ ಅಜ್ಜಿಯೊಬ್ಬರು ಕಿಸಕ್ಕೆಂದರು. "ಮಗುವಿಗೆ ಅಪ್ಪ ಬೇಕಂತೆ! ಅಪ್ಪನಿಗೆ ಮಗು ಬೇಕಿತ್ತಾ, ಅದನ್ನು ಮೊದಲು ಕೇಳಿ."

ನನ್ನ ಬಣ್ಣ ಒಣಗಿತ್ತು, ಮಾಸ್ಟ್ರದ್ದು ಇನ್ನೂ ಹಸಿ. ಅದೂ ದೇವರ ದಯೆಯೇ. ಎದುರಿನ ಹೋಟೆಲಿನಿಂದ ಸೀಮೆಎಣ್ಣೆ ಬೇಡಿ ತಂದು ಸೆರಗಿನ ತುದಿ ಅದ್ದಿ ಉಜ್ಜಿದೆ. ಮುಂಡಾಸು ಹೋಯಿತು, ಮೀಸೆ ಹೋಯಿತು.

"ಅಮ್ಮ, ಕಾಲು ಬಾಕಿ ಉಂಟು," ಎಂದು ಮಗಳು ಸೆರಗಿನ ಇನ್ನೊಂದು ತುದಿ ಹಿಡಿದು ತಾನೂ ಉಜ್ಜಿದಳು.

ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಚಿತ್ರವನ್ನು ಹಿಂದಿನ ಮೂಲೆಗೆ ತೂಗುಹಾಕಿದರು. ಮೂಲೆಯಾದರೂ ಕಿಟಕಿಯ ಬೆಳಕಿತ್ತು. ಬಿಸಿಲು ಇಳಿಯುವ ತನಕ ನಾವಿಬ್ಬರೂ ಅದರ ಮುಂದೆಯೇ ನಿಂತೆವು, ಇನ್ನೊಬ್ಬ ಕುಂಚ ಹಿಡಿದು ಬರಬಾರದಲ್ಲ.