ನಗುವ ಅಕ್ಷರಗಳ ಚಿಕ್ಕಪ್ಪ

ಮೊನ್ನೆ ಮೊಮ್ಮಗಳ ನಾಮಕರಣದ ಕಾರ್ಡಿಗೆ ಅಕ್ಷರ ಆರಿಸಿಕೊಡಿ ಎಂದು ಸೊಸೆ ಫೋನನ್ನು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ ಆಗತಾನೇ ಉಬ್ಬಿದ ಪೂರಿಗಳಂಥ ದುಂಡು ದುಂಡು ಕನ್ನಡ ಅಕ್ಷರಗಳು. ಇಂಥವನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರಂತೆ. ನಾನು ಇವನ್ನು ಎಪ್ಪತ್ತರ ದಶಕದಲ್ಲೇ ಶ್ರೀನಿವಾಸಪುರದಲ್ಲಿ ನೋಡಿದ್ದೇನೆ ಎಂದರೆ ಅವಳು ನಂಬಲಿಲ್ಲ. ನೀವಾದರೂ ಕೇಳಿ.

ನಮ್ಮ ಚಿಕ್ಕಪ್ಪ ವೆಂಕಟೇಶ ಬೋರ್ಡು ಬರೆಯುತ್ತಿದ್ದ. ಮುಳಬಾಗಿಲಿನ ಬಷೀರ್ ಸಾಹೇಬರ ಹತ್ತಿರ ಕಲಿತವನು. ಸಾಹೇಬರ ಅಕ್ಷರಗಳು ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗಿದ್ದರೆ, ಚಿಕ್ಕಪ್ಪನ ಕುಂಚದಿಂದ ಇಳಿದವು ಹಾಲು ಕುಡಿದ ಕೂಸುಗಳಂತೆ ಕೆನ್ನೆ ತುಂಬಿಕೊಳ್ಳುತ್ತಿದ್ದವು. ಐಸ್‌ಕ್ಯಾಂಡಿ ಗಾಡಿಯವರು, ಸೋಡಾ ಅಂಗಡಿಯವರು, ಮಕ್ಕಳ ಬಟ್ಟೆ ಮಾರುವವರು, ಎಲ್ಲರಿಗೂ ಅವನೇ ಬೇಕು. ನನಗಂತೂ ಅವನ 'ಐ' ನೋಡಿದರೇ ನಾಲಿಗೆ ತಣ್ಣಗಾಗುತ್ತಿತ್ತು.

ಎಡವಟ್ಟಾದದ್ದು ಪೇಟೆಗೆ ಹೊಸದಾಗಿ ಬಂದ ವಕೀಲರೊಬ್ಬರ ಬೋರ್ಡಿನಲ್ಲಿ. ನೆಟ್ಟಗೆ ಬರೆಯಬೇಕೆಂದು ಚಿಕ್ಕಪ್ಪ ಸ್ಕೇಲು ಇಟ್ಟುಕೊಂಡೇ ಕೂತ. ಬಣ್ಣ ತುಂಬುವ ಹೊತ್ತಿಗೆ 'ನ್ಯಾಯವಾದಿಗಳು' ಎಂಬುದು ಮೈಕೈ ತುಂಬಿಕೊಂಡುಬಿಟ್ಟಿತು. ವಕೀಲರು ನೋಡಿ, "ಏನಪ್ಪಾ, ನಾನು ಕೇಸು ನಡೆಸೋನೋ, ಬೆಂಡು ಬತ್ತಾಸು ಮಾರೋನೋ?" ಅಂದು ಬೋರ್ಡನ್ನು ವಾಪಸು ಕಳಿಸಿದರು.

ಪೇಟೆಯೆಲ್ಲ ನಕ್ಕಿತು. ಅದೇ ವಾರ ಗೌನಿಪಲ್ಲಿ ಕಡೆಯ ಮಾವಿನ ತೋಟದವರೊಬ್ಬರು ಮಗಳನ್ನೂ ಕರೆದುಕೊಂಡು ಚಿಕ್ಕಪ್ಪನನ್ನು ನೋಡಲು ಬರುವವರಿದ್ದರು. ಅಜ್ಜಿ ಬೋರ್ಡನ್ನು ಗೋಡೆಗೆ ಮುಖಮಾಡಿ ಇಟ್ಟರು. ಆದರೆ ಹುಡುಗಿಯ ಅಪ್ಪ ಬಸ್‌ಸ್ಟ್ಯಾಂಡಿನಲ್ಲೇ ಸುದ್ದಿ ಕೇಳಿಕೊಂಡು ಬಂದಿದ್ದರು. ಒಂದು ಬೋರ್ಡನ್ನೇ ಗಂಭೀರವಾಗಿ ಬರೆಯಲಾರದವನು ಸಂಸಾರ ಹೇಗೆ ನಡೆಸಿಯಾನು ಎಂಬುದು ಅವರ ಅನುಮಾನ. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟರು. ಚಿಕ್ಕಪ್ಪ ತಲೆ ತಗ್ಗಿಸಿದ. ಕಾಫಿ ಹಂಚುತ್ತಿದ್ದ ನನ್ನ ಕೈಯೂ ನಿಂತಿತು.

ಆಗ ಹುಡುಗಿ, ನಾಗಮಣಿ, ಎದ್ದುಹೋಗಿ ಬೋರ್ಡನ್ನು ತಿರುಗಿಸಿದಳು. ಅವಳು ಓದಿದ್ದು ಗಡಿಯಾಚೆಯ ತೆಲುಗು ಶಾಲೆಯಲ್ಲಿ. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. "ನ್ಯಾ... ಯ... ವಾ..." ಎಂದು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದಳು. ದುಂಡಗಾದ ಕನ್ನಡ ಅವಳ ಕಣ್ಣಿಗೆ ತೆಲುಗಿನ ನೆಂಟನಂತೆ ಕಂಡಿರಬೇಕು. ಅಪ್ಪನ ಕಡೆ ತಿರುಗಿ, "ನಾನ್ನಾ, ಈ ಅಕ್ಷರಾಲು ನವ್ವುತುನ್ನಾಯಿ," ಅಂದಳು. ಅಕ್ಷರಗಳು ನಗುತ್ತಿವೆಯಂತೆ. ಆಮೇಲೆ ನಮಗೆಲ್ಲ ಕೇಳುವಂತೆ ಕನ್ನಡದಲ್ಲಿ, "ನಂಗೆ ಇವ್ರೇ ಆಗ್ಬೋದು."

ಮದುವೆಯಾಯಿತು. ಚಿಕ್ಕಮ್ಮ ಗಂಡನ ಬೋರ್ಡುಗಳಲ್ಲೇ ಕನ್ನಡ ಓದಲು ಕಲಿತಳು, ಆಮೇಲೆ ಕುಂಚವನ್ನೂ ಹಿಡಿದಳು. ಸೋಜಿಗವೆಂದರೆ ಅವಳ ಗೆರೆ ಬಷೀರ್ ಸಾಹೇಬರದಕ್ಕಿಂತಲೂ ನೆಟ್ಟಗೆ. ಕಚೇರಿ, ಆಸ್ಪತ್ರೆಯ ಬೋರ್ಡೆಲ್ಲ ಅವಳ ಪಾಲು. ಬತ್ತಾಸು, ಬಲೂನು ಅವನ ಪಾಲು. ಎಂಬತ್ತರ ದಶಕದಲ್ಲಿ ಆ ವಕೀಲರೇ ಬಂದು ಹೊಸ ಬೋರ್ಡು ಬರೆಸಿಕೊಂಡರು. ಬರೆದದ್ದು ಚಿಕ್ಕಮ್ಮ ಎಂದು ತಿಳಿದ ಮೇಲೆ, ಮಗನ ಹುಟ್ಟುಹಬ್ಬಕ್ಕೂ ಒಂದು ಹಲಗೆ ಬೇಕು, ಅದನ್ನು ಮಾತ್ರ ನಿಮ್ಮ ಯಜಮಾನರೇ ಬರೆಯಲಿ ಅಂದರಂತೆ.

ಈಗ ಇಬ್ಬರೂ ಮಾಲೂರಿನಲ್ಲಿ ಮಗಳ ಜೊತೆ ಇದ್ದಾರೆ. ಹೊಸ ಮನೆಯ ಹೆಸರನ್ನು ಯಾರು ಬರೆಯಬೇಕೆಂದು ಜಗಳವಾಗಿ, ಗೇಟಿನ ಒಂದು ಕಂಬದ ಮೇಲೆ ಅವನು ಬರೆದಿದ್ದಾನೆ, ಇನ್ನೊಂದರ ಮೇಲೆ ಅವಳು. ನಿನ್ನೆ ನಾನು ಅಲ್ಲಿದ್ದಾಗ ಹೊಸ ಪೋಸ್ಟ್‌ಮ್ಯಾನ್ ಬಂದು, ಎರಡೂ ಕಂಬ ನೋಡಿ, ಇಲ್ಲಿ ಎರಡು ಸಂಸಾರ ಇದೆಯೇ ಎಂದು ವಿಚಾರಿಸಿದ.

"ಒಂದೇ ಕಣಪ್ಪಾ," ಅಂದಳು ಚಿಕ್ಕಮ್ಮ. "ಬರೆಯೋ ಕೈ ಎರಡು."