ಸಂತಿಯ ದಿನದ ನಡಿಗೆ

ಎಂಬತ್ತರ ದಶಕದಲ್ಲಿ ನಾನು ನವಲಗುಂದದ ಕಡೆಯ ಬಸ್ಸಿಗೆ ಕಂಡಕ್ಟರ್ ಆಗಿದ್ದೆ. ಪ್ರತಿ ಸಂತಿಯ ದಿನ ಯಮನಪ್ಪ ಕಾಕಾ ಮತ್ತು ಅವರ ಹೆಂಡತಿ ಶಾಂತವ್ವ ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ನಡೆದೇ ಹೋಗುತ್ತಿದ್ದರು. ಬಸ್ಸು ನಿಲ್ಲಿಸಿದರೂ ಹತ್ತುತ್ತಿರಲಿಲ್ಲ.

ಒಂದು ದಿನ ಬಿಸಿಲು ನೋಡಲಾರದೆ ನಾನೇ ಕೆಳಗಿಳಿದೆ. "ಬರ್ರಿ ಕಾಕಾ, ಸೀಟು ಖಾಲಿ ಅದಾವ" ಎಂದು ಹಟ ಹಿಡಿದು ಇಬ್ಬರನ್ನೂ ಹತ್ತಿಸಿದೆ.

"ಯಾ ಊರಿಗೆ ಹೊಂಟೀರ್ರಿ?" ಎಂದು ತಮಾಷೆಗೆ ಕೇಳಿದೆ. ಕಾಕಾಗೆ ಊರಿನ ಹೆಸರು ನೆನಪಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿ, "ಈ ಅವ್ವ ಯಾರ್ರಿ?" ಎಂದು ಮೆಲ್ಲಗೆ ನನ್ನನ್ನೇ ಕೇಳಿದರು.

ಶಾಂತವ್ವ ಅಳಲಿಲ್ಲ, ಸಿಟ್ಟೂ ಆಗಲಿಲ್ಲ. "ನಮ್ಮನ್ನ ಇಳಸಪಾ ತಮ್ಮಾ. ವಾರವೆಲ್ಲಾ ಕಟ್ಟಿ ಮ್ಯಾಲೆ ಕುಂತು ಎಲ್ಲಾ ಮರೀತಾರ. ಇದೊಂದು ದಿನ ದೂರ ನಡದ್ರ ಅವರ ತಲಿ ತಿಳಿ ಆಕ್ಕೈತಿ" ಎಂದರು. ನಾನು ಬಸ್ಸು ನಿಲ್ಲಿಸಲು ಸೀಟಿ ಊದಿದೆ. ಇಬ್ಬರೂ ಇಳಿದು ನಡೆದರು.

ಮಧ್ಯಾಹ್ನ ಬಸ್ ನಿಲ್ದಾಣದ ಬಾಜು ಇಬ್ಬರೂ ಎದುರಾದರು. ಕಾಕಾ ನನ್ನನ್ನು ಕಂಡವರೇ ಗದರಿದರು. "ಏನೋ ಕಂಡಕ್ಟರ್, ಅಷ್ಟು ಸೀಟು ಖಾಲಿ ಇಟಗೊಂಡು ನಮ್ಮ ಶಾಂತಿನ್ನ ಬಿಸಲಾಗ ನಡಸ್ತೀಯಲ್ಲ!"

ಶಾಂತವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ಅಂಥ ನಗು ನಾನು ಆಮೇಲೆ ಕಂಡಿಲ್ಲ.

ಈಗ ಡಾಕ್ಟರು ನನಗೆ ದಿನಾ ನಡೆಯಿರಿ ಅನ್ನುತ್ತಾರೆ. ನಾನು ಭಾನುವಾರದ ಸಂತಿಗಷ್ಟೇ ನಡೆದು ಹೋಗುತ್ತೇನೆ. ಹೆಂಡತಿ ಕೇಳಿದರೆ ಕಾಕಾನ ಕಥೆ ಹೇಳುತ್ತೇನೆ.

"ಅವರು ಸಂತಿಯಿಂದ ನಡಕೋತನ ಹೊಳ್ಳಿ ಬರ್ತಿದ್ರು" ಅನ್ನುತ್ತಾಳೆ ಅವಳು. "ನೀವು ಆಟೋದಾಗ ಬರ್ತೀರಿ."