ಕೊನೆಯ ಎಲೆಗೆ ಅನ್ನ ಬೀಳುವ ತನಕ

ರುದ್ರಾಣಿಗೆ ಗೊತ್ತಿದ್ದ ರಾಜ್ಯಶಾಸ್ತ್ರವೆಲ್ಲ ಅಡುಗೆಮನೆಯ ಬಾಗಿಲಿನಿಂದ ಕಿವಿಗೆ ಬಿದ್ದಿದ್ದು. ಗಂಡ ಬಸವಯ್ಯನವರು ತಿ. ನರಸೀಪುರದ ಕಾಲೇಜೊಂದರಲ್ಲಿ ಮೇಷ್ಟ್ರು. ಊರು ಹದಿನಾರು ಎಂಬ ಹಳ್ಳಿಯ ಆಚೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ತಿಂಡಿಗೆ ಕಾಯುವ ಹೊತ್ತಿನಲ್ಲಿ ಅಂದಿನ ಪಾಠವನ್ನು ಗೋಡೆಗೆ ಒಪ್ಪಿಸುವುದು ಅವರ ರೂಢಿ. ಗೋಡೆಯ ಆಚೆಗೆ ರುದ್ರಾಣಿ ದೋಸೆ ಹುಯ್ಯುತ್ತಿದ್ದಳು. ಹಾಗಾಗಿ ಉಪಯುಕ್ತತಾವಾದ ಎಂಬ ಪಾಠ ಅವಳಿಗೆ ಬಾಯಿಪಾಠವೇ ಆಗಿಹೋಗಿತ್ತು. ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ಯಾವುದರಿಂದ ಆಗುತ್ತದೋ ಅದೇ ಸರಿಯಾದ ಕೆಲಸ, ಸರ್ಕಾರ ಮಾಡಬೇಕಾದದ್ದೂ ಅದನ್ನೇ. ಇಂಗ್ಲೆಂಡಿನ ಪಂಡಿತರು ಹಾಗೆ ಹೇಳಿದ್ದಾರೆ. ಲೆಕ್ಕ ಹಾಕುವಾಗ ರಾಜನೂ ಒಬ್ಬನೇ, ಕೂಲಿಯವನೂ ಒಬ್ಬನೇ ಎಂದೂ ಅವರು ಹೇಳಿದ್ದರು. ಈ ಎರಡನೆಯ ಮಾತಿಗೆ ಬರುವಷ್ಟರಲ್ಲಿ ಮೇಷ್ಟ್ರ ತಟ್ಟೆಗೆ ದೋಸೆ ಬಂದಿರುತ್ತಿತ್ತು.

ಮೇಷ್ಟ್ರು ಬರೀ ಪಾಠ ಹೇಳುವವರಲ್ಲ, ನಡೆದು ತೋರಿಸುವವರು. ಮನೆಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಕೈ ಎತ್ತಿಸುತ್ತಿದ್ದರು. ಕಾರ್ತಿಕ ಸೋಮವಾರ ಒಂದು ಸಲ ನರಸೀಪುರದ ಸಂಗಮದಲ್ಲಿ ಮುಳುಗಿ ಬರಬೇಕೆಂದು ರುದ್ರಾಣಿಗೆ ಆಸೆ. ಕೈ ಎತ್ತಿಸಿದರು. ಮಗ ನಂಜೇಶನಿಗೂ ಮಗಳು ಶಿವರಂಜನಿಗೂ ಟೀವಿ ನೋಡಬೇಕು, ಅತ್ತೆಗೆ ಚಳಿಯಲ್ಲಿ ಮಂಡಿನೋವು. "ನೋಡಿದ್ಯಾ ರುದ್ರಾಣಿ, ಇದು ನನ್ನ ಮಾತಲ್ಲ, ಬಹುಜನರ ಮಾತು" ಎಂದರು ಮೇಷ್ಟ್ರು. ಬಹುಜನ ಎಂದರೆ ತನ್ನನ್ನು ಬಿಟ್ಟು ಉಳಿದವರು ಎಂದು ರುದ್ರಾಣಿ ಅರ್ಥ ಮಾಡಿಕೊಂಡಿದ್ದಳು. ಬೇಜಾರೇನೂ ಪಡದೆ ಮನೆಯ ಬಚ್ಚಲಿನಲ್ಲೇ ಸಂಗಮವನ್ನು ನೆನೆದು ತಲೆಗೆ ನೀರು ಹಾಕಿಕೊಂಡಳು.

ತೊಂಬತ್ತಮೂರರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅವರ ಬೀದಿಯ ಸೀಟು ಮಹಿಳೆಗೆ ಮೀಸಲಾಯಿತು. ಸರ್ಕಾರಿ ನೌಕರಿಯ ಮೇಷ್ಟ್ರಿಗೆ ನಿಲ್ಲುವ ಹಾಗಿರಲಿಲ್ಲ, ತಮ್ಮ ಸಿದ್ಧಾಂತವನ್ನು ಊರಿಗೆ ತೋರಿಸದೆ ಇರುವ ಹಾಗೂ ಇರಲಿಲ್ಲ. ರುದ್ರಾಣಿಯನ್ನು ನಿಲ್ಲಿಸಿದರು. ಈ ತೀರ್ಮಾನಕ್ಕೂ ಮನೆಯಲ್ಲಿ ಕೈ ಎತ್ತಿಸಿದ್ದರು.

ವೋಟು ಕೇಳುತ್ತ ಅವಳು ಕಾಲೋನಿಗೂ ಹೋದಳು, ಎರಡು ಸೀಟಿನ ಆ ವಾರ್ಡಿಗೆ ಅದೂ ಸೇರಿತ್ತು. ಕಾಲೋನಿ ಊರಿನ ತುದಿ, ಊರಿನ ಕೊನೆಯ ನಲ್ಲಿಯೂ ಅಲ್ಲೇ. ಟ್ಯಾಂಕಿನಿಂದ ಹೊರಟ ನೀರು ಮೇಲಿನ ಬೀದಿಗಳ ಕೊಡ, ಡ್ರಮ್ಮು, ದನದ ತೊಟ್ಟಿ ಎಲ್ಲವನ್ನೂ ತುಂಬಿ ಮುಗಿಸುವಷ್ಟರಲ್ಲಿ ಆ ನಲ್ಲಿಗೆ ಬರೀ ಗಾಳಿ ಬರುತ್ತಿತ್ತು. ಅದರ ಪಕ್ಕದ ಮನೆ ಸಾಕಮ್ಮನದು. ದೂರದ ಪಂಪ್‌ಸೆಟ್ಟಿನಿಂದ ನೀರು ಹೊತ್ತು ಹೊತ್ತು ಅವಳ ಕತ್ತು ಒಂದು ಕಡೆಗೆ ವಾಲಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು.

"ನಿಮ್ ಯಜಮಾನ್ರು ನಮ್ ಮಗ್ಳು ರೋಜಾಗೆ ಕಾಲೇಜ್ನಲ್ಲಿ ಪಾಠ ಏಳ್ತಾರಂತೆ ಕಣಮ್ಮಾವ್ರೇ. ಜಾಸ್ತಿ ಜನಕ್ಕೆ ಸುಖ ಆಗ್ಬೇಕು ಅಂತವ. ಆ ಜಾಸ್ತಿ ಜನ ಯಾವ್ ಬೀದೀಲವ್ರೆ ಅಂತ ಒಸಿ ತೋರಿಸ್ಬುಡಿ, ನಾವೂ ಓಗಿ ಅಲ್ಲೇ ಇರ್ತೀವಿ."

ರುದ್ರಾಣಿಗೆ ನಗು ಬಂತು, ನಾಚಿಕೆಯೂ ಆಯಿತು. "ನಿಮ್ಮ ನಲ್ಲಿಗೆ ನೀರು ಬರೋ ಹಂಗೆ ಮಾಡ್ತೀನಿ ಸಾಕಮ್ಮ."

"ವೋಟ್ ಕೇಳಕ್ಕೆ ಬಂದೋರೆಲ್ಲ ಇಂಗೇ ಅಂದ್ರು. ಆಣೆ ಇಕ್ಕಿ ಮತ್ತೆ."

ರುದ್ರಾಣಿ ಸೆರಗಿನೊಳಗೆ ಕೈಯಿಟ್ಟು ಕೊರಳಿನ ಲಿಂಗವನ್ನು ಮುಟ್ಟಿದಳು.

ವಿಷಯ ತಿಳಿದ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. "ಒಂದು ನಲ್ಲಿಗೋಸ್ಕರ ಲಿಂಗ ಮುಟ್ಟಿ ಬಂದಿದ್ದೀಯಲ್ಲೇ! ಆಗದೆ ಹೋದರೆ?" ಅಂದಿನಿಂದ ರುದ್ರಾಣಿ ದಿನವೂ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಅದು ಅವಳನ್ನು ಕೇಳುತ್ತಿದ್ದದ್ದೂ ಅದೇ ಪ್ರಶ್ನೆ. ಗೆದ್ದು ಸದಸ್ಯೆಯಾದಳು, ಶಿವರಾತ್ರಿ ಬಂದು ಹೋಯಿತು, ನಲ್ಲಿಯಲ್ಲಿ ಮಾತ್ರ ಗಾಳಿಯೇ ಬರುತ್ತಿತ್ತು. ಎದುರಿಗೆ ಸಿಕ್ಕಾಗಲೆಲ್ಲ ಸಾಕಮ್ಮ ಅವಳ ಕೊರಳನ್ನೇ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ಮೇಲಿನ ಬೀದಿಗಳಿಗೂ ನೀರು ಸಾಲದೆ ಬಂತು. ಪಂಚಾಯಿತಿ ಅಧ್ಯಕ್ಷ ಚಿಕ್ಕಸ್ವಾಮಿ ಒಂದು ಉಪಾಯ ಹೂಡಿದರು. ಕಾಲೋನಿಯ ಪೈಪಿನೊಳಗೆ ಇಳಿದು ನಿಲ್ಲುವ ನೀರೂ ಮೇಲೇ ಉಳಿಯಲೆಂದು ಅದನ್ನು ಮುಚ್ಚಿಬಿಡುವುದು, ಅವರಿಗೆ ಸವಳು ನೀರಿನ ಹಳೆಯ ಕೈಪಂಪನ್ನು ರಿಪೇರಿ ಮಾಡಿಸಿ ಕೊಡುವುದು. ಉಪಾಯ ಚಿಕ್ಕಸ್ವಾಮಿಯವರದು, ಅದಕ್ಕೆ ಸಿದ್ಧಾಂತ ಒದಗಿಸಿದವರು ಮೇಷ್ಟ್ರು. "ಅಲ್ಪ ಜನರ ಅಲ್ಪ ತೊಂದರೆಯಿಂದ ಬಹುಜನರ ಬಹು ಸುಖ. ಪಾಠದಲ್ಲಿ ಇರೋದೇ ಇದು." ರುದ್ರಾಣಿ ಸಭೆಯಲ್ಲಿ ಆಡಬೇಕಾದ ಮಾತುಗಳನ್ನೂ ಅವರೇ ಬರೆದುಕೊಟ್ಟರು. ಅವಳು ಆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಭೆಗೆ ಹೋದಳು.

ಬೆಳಿಗ್ಗೆ ಚರ್ಚೆ, ಊಟದ ಮೇಲೆ ಕೈ ಎತ್ತುವುದು ಎಂದು ನಿಗದಿಯಾಯಿತು. ಕಾಲೋನಿಯ ಸದಸ್ಯ ಮರಿಯಯ್ಯ ಒಬ್ಬರೇ ಬೆಳಿಗ್ಗೆಯೆಲ್ಲ ಕೂಗಾಡಿದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಏನೋ ಕೆಲಸವಿದೆ ಎಂದು ಎದ್ದು ಹೋದರು. ಊಟದ ಹೊತ್ತಿಗೆ ಅವರಿಗೆ ಪ್ರತಿಸಲವೂ ಕೆಲಸ ಬರುತ್ತಿತ್ತು. ಅದೇನು ಕೆಲಸ ಎಂದು ಪಂಚಾಯಿತಿಯಲ್ಲಿ ಯಾರೂ ಕೇಳಿದವರಿಲ್ಲ, ಕೇಳುವ ಅಗತ್ಯವಿಲ್ಲದಷ್ಟು ಎಲ್ಲರಿಗೂ ಗೊತ್ತಿತ್ತು. ಎಲೆಯನ್ನಂತೂ ಸಾಲಿನ ಕೊನೆಯಲ್ಲಿ ಅವರಿಗಾಗಿ ಹಾಕಿಡುತ್ತಿದ್ದರು. ಕಾನೂನು ಕಾನೂನೇ.

ಬಡಿಸುವ ಕೆಲಸ ಮಹಿಳಾ ಸದಸ್ಯರದು. ಮಂಗಳಮ್ಮ ಪಲ್ಯ ಹಾಕುತ್ತ ಮುಂದೆ ಹೋದರು, ರುದ್ರಾಣಿ ಅನ್ನದ ಬಕೆಟ್ ಹಿಡಿದು ಹಿಂದೆ ಹೋದಳು. ಅಷ್ಟು ಹೊತ್ತಿಗೆ ಬಸವಯ್ಯನವರು ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಹೆಂಡತಿ ಸರಿಯಾಗಿ ಕೈ ಎತ್ತುತ್ತಾಳೋ ಇಲ್ಲವೋ ನೋಡಲು ಬಂದರು. ಹಸಿದಿದ್ದರು. ಖಾಲಿ ಇದ್ದದ್ದು ಮರಿಯಯ್ಯನ ಎಲೆ ಒಂದೇ. ಹಿಂದುಮುಂದು ನೋಡದೆ ಅದರ ಮುಂದೆ ಕೂತರು.

ಅನ್ನ ಇನ್ನೂ ಅರ್ಧ ಸಾಲನ್ನು ದಾಟಿರಲಿಲ್ಲ. ಮೊದಲ ಎಲೆಯ ಚಿಕ್ಕಸ್ವಾಮಿ ಆತುರ ತಾಳದೆ ಕಲಸಲು ಕೈ ಹಾಕಿದರು.

"ಏನ್ರೀ ಅಧ್ಯಕ್ಷರೇ!" ಮೇಷ್ಟ್ರು ಕೊನೆಯಿಂದ ಕೂಗಿದರು. "ಕೊನೆ ಎಲೆಗೆ ಅನ್ನ ಬಿದ್ದಿಲ್ಲ, ಆಗ್ಲೇ ಕೈ ಹಾಕ್ತೀರಲ್ಲ! ಪಂಕ್ತಿ ಅಂದ್ರೆ ಏನು ಅಂತ ಹೇಳಿಕೊಡಬೇಕಾ ನಿಮಗೆ?"

"ತಪ್ಪಾಯ್ತು ಮೇಷ್ಟ್ರೇ" ಎಂದು ಚಿಕ್ಕಸ್ವಾಮಿ ಕೈ ಹಿಂತೆಗೆದುಕೊಂಡರು.

ರುದ್ರಾಣಿ ಬಡಿಸುತ್ತ ಬಂದಳು. ಗಂಡನ ಪಕ್ಕದ ಎಲೆಗೂ ಬಡಿಸಿದಳು. ಗಂಡನ ಎಲೆಯ ಮುಂದೆ ಬಕೆಟ್ ಕೆಳಗಿಟ್ಟು ನಿಂತಳು.

"ಬಡಿಸೇ, ಎಲ್ಲ ಕಾಯ್ತಿದ್ದಾರೆ."

"ಯಾಕ್ರೀ ಕಾಯ್ಬೇಕು? ಬಹುಜನರ ಎಲೆಗೆ ಅನ್ನ ಬಿದ್ದಿದೆ. ಬಹು ಸುಖ ಆಗೋದಿದೆ. ಬರಿದಾಗಿರೋದು ಒಂದು ಎಲೆ, ಅಲ್ಪ ತೊಂದರೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ವಿಭೂತಿಯ ಕೆಳಗೆ ಕೆಂಪಾಯಿತು. "ಪಂಕ್ತಿಯಲ್ಲಿ ಹಂಗೆಲ್ಲ ಲೆಕ್ಕ ಹಾಕಬಾರದು ಕಣೇ."

"ನೀರಿನಲ್ಲಿ ಹಾಕಬಹುದಾ?" ಅವಳು ಎಲ್ಲರ ಕಡೆಗೂ ತಿರುಗಿದಳು. "ಕಾಲೋನಿ ನಲ್ಲಿ ಊರಿನ ಕೊನೆ ಎಲೆ. ಅಲ್ಲಿಗೆ ನೀರು ಬೀಳೋ ತನಕ ಮೇಲಿನವರು ಯಾರೂ ನಲ್ಲಿ ತಿರುಗಿಸಬಾರದು. ಹೂಂ ಅನ್ನಿ, ಬಡಿಸ್ತೀನಿ. ನಾನು ಲಿಂಗ ಮುಟ್ಟಿದ್ದೀನಿ."

ಅನ್ನ ಆರುತ್ತಿತ್ತು. ಕೊನೆಯ ಎಲೆ ಬರಿದಿರುವಾಗ ಉಣ್ಣುವ ಧೈರ್ಯ ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ, ಹೊಟ್ಟೆಯಂತೂ ಎಲ್ಲರಿಗೂ ಇತ್ತು. "ಆಗ್ಲಿ ತಾಯಿ, ಅನ್ನ ಹಾಕು ಮೊದಲು" ಎಂದರು ಚಿಕ್ಕಸ್ವಾಮಿ. ಊಟದ ಮೇಲೆ ಎಂಜಲು ಕೈಗಳನ್ನೇ ಎತ್ತಿ ಅದನ್ನೇ ತೀರ್ಮಾನ ಮಾಡಿದರು. ರುದ್ರಾಣಿಯ ಸೊಂಟದ ಚೀಟಿ ಬೆವರಿಗೆ ಒದ್ದೆಯಾಗಿ, ಸಂಜೆ ಒಲೆಗೆ ಹಾಕಿದರೂ ಹತ್ತಿಕೊಳ್ಳಲಿಲ್ಲ.

ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ವಾಟರ್‌ಮ್ಯಾನ್ ದೊಡ್ಡಮಾದಯ್ಯ ಟ್ಯಾಂಕಿನ ವಾಲ್ವ್ ತಿರುಗಿಸುತ್ತಿದ್ದ. ಮೇಲಿನ ಬೀದಿಗಳು ನಲ್ಲಿ ಮುಚ್ಚಿಕೊಂಡು ಕಾಯುತ್ತಿದ್ದವು. ಕಾಲೋನಿಯ ಕೊಡಗಳು ತುಂಬಿದ ಮೇಲೆ ಸಾಕಮ್ಮ ಹಿತ್ತಾಳೆ ತಟ್ಟೆ ಬಡಿಯುತ್ತಿದ್ದಳು. ಆ ಸದ್ದು ಕೇಳಿದ ಮೇಲೆಯೇ ಊರೆಲ್ಲ ನಲ್ಲಿ ತಿರುಗಿಸುವುದು. ಮೇಷ್ಟ್ರಿಗೆ ಸ್ನಾನವಾಗದೆ ಪೂಜೆಯಿಲ್ಲ, ಪೂಜೆಯಿಲ್ಲದೆ ತಿಂಡಿಯಿಲ್ಲ, ತಿಂಡಿಯಾಗದೆ ನರಸೀಪುರದ ಬಸ್ಸಿಲ್ಲ. ಹೀಗೆ ಉಪಯುಕ್ತತಾವಾದದ ಮೇಷ್ಟ್ರು ದಿನವೂ ಹೆಗಲ ಮೇಲೆ ಟವಲ್ ಹಾಕಿಕೊಂಡು, ಸಾಕಮ್ಮನ ತಟ್ಟೆಗೆ ಕಿವಿಗೊಟ್ಟು ಜಗಲಿಯಲ್ಲಿ ನಿಲ್ಲುವಂತಾಯಿತು. "ಒಬ್ಬಳ ತಟ್ಟೆಗೆ ಇಡೀ ಊರೇ ಕಾಯೋದು! ಯಾವ ಶಾಸ್ತ್ರದಲ್ಲಿದೆ?" ಎಂದು ಗೊಣಗುತ್ತಿದ್ದರು. ಕಾಲೇಜಿನಲ್ಲಿ ಮಾತ್ರ ಹಳೆಯ ಪಾಠವನ್ನೇ ಹೇಳುತ್ತಿದ್ದರು. ಪರೀಕ್ಷೆಗೆ ಬರುತ್ತಿದ್ದದ್ದು ಅದೇ.

ಎರಡು ಸಾವಿರದಲ್ಲಿ ಮತ್ತೆ ಚುನಾವಣೆ ಬಂದು ಸೀಟಿನ ಮೀಸಲಾತಿ ಬದಲಾಯಿತು, ರುದ್ರಾಣಿ ಮಾಜಿಯಾದಳು. ಪದ್ಧತಿ ಹಾಗೆಯೇ ಉಳಿಯಿತು. ಉಳಿದದ್ದು ತನ್ನಿಂದಲ್ಲ, ಊರಿಗೆ ಪಂಕ್ತಿಯ ಮೇಲಿದ್ದ ಭಯದಿಂದ ಎಂದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ತಟ್ಟೆಯ ಸದ್ದೇ ಬರಲಿಲ್ಲ. ಬೀದಿಯಲ್ಲಿ ಗುಸುಗುಸು ಎದ್ದಿತು, ಬಸ್ಸಿನ ಹೊತ್ತು ಮೀರುತ್ತಿತ್ತು. "ಒಂದ್ಸಲ ನಲ್ಲಿ ತಿರುಗಿಸಿಬಿಡಲೇನ್ರೀ?" ಎಂದು ರುದ್ರಾಣಿ ಬೇಕೆಂದೇ ಕೇಳಿದಳು. ಮೇಷ್ಟ್ರು ಅವಳನ್ನು ದುರುಗುಟ್ಟಿ ನೋಡಿ, ಟವಲ್ ಹೆಗಲ ಮೇಲೇ ಇರುವಂತೆ ಕಾಲೋನಿಯ ಕಡೆಗೆ ಹೊರಟರು. ಈ ಊರಲ್ಲೇ ಹುಟ್ಟಿ ಬೆಳೆದವರು ಆ ತುದಿಗೆ ಕಾಲಿಟ್ಟದ್ದು ಅದೇ ಮೊದಲು.

ಅಲ್ಲಿ ನಡೆದದ್ದನ್ನು ರುದ್ರಾಣಿಗೆ ಆಮೇಲೆ ಹೇಳಿದವಳು ಸಾಕಮ್ಮ. ಕೈಗೆ ಕುಡುಗೋಲು ತಗುಲಿ ಅವಳು ಬಟ್ಟೆ ಸುತ್ತಿಕೊಂಡು ಕೂತಿದ್ದಳಂತೆ. ಕೊಡಗಳೆಲ್ಲ ತುಂಬಿದ್ದವಂತೆ. "ಒಬ್ರೇ ಬಂದ್ರಾ ಸಾ? ಜಾಸ್ತಿ ಜನ ಎಲ್ಲವ್ರೆ?" ಎಂದು ಕೇಳಿದಳಂತೆ. ಹಾಗೆನ್ನುತ್ತಲೇ ತಟ್ಟೆಯನ್ನು ಮೇಷ್ಟ್ರ ಕೈಗಿಟ್ಟಳಂತೆ.

ರುದ್ರಾಣಿಗೆ ಆ ಬೆಳಿಗ್ಗೆ ಕೇಳಿಸಿದ್ದು ತಟ್ಟೆಯ ಸದ್ದು ಮಾತ್ರ. ಅಭ್ಯಾಸವಿಲ್ಲದ ಕೈ, ಮೊದಲು ಅಂಜಿ ಅಂಜಿ ಬಡಿಯಿತು, ಆಮೇಲೆ ಜೋರಾಯಿತು. ಯಾರದೆಂದು ಅವಳಿಗೆ ತಕ್ಷಣ ತಿಳಿಯಿತು. ಬೀದಿಯುದ್ದಕ್ಕೂ ನಲ್ಲಿಗಳು ತೆರೆದುಕೊಂಡವು. ಅವಳು ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು ಬಚ್ಚಲಿನ ಹಂಡೆಗೆ ನೀರು ಬಿಟ್ಟಳು. ಬಸ್ಸಂತೂ ಅಂದು ಹೋಗಿಯಾಗಿತ್ತು.